ಮಗುವಿನ ಜೊತೆಗೊಂದು ಮರಿ, ಅದರ ಹೊಣೆ ಯಾರಿಗೆ?

ತುಮಕೂರು ಕಂದಾಯ ಜಿಲ್ಲೆಯೊಳಗೆ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಅದರಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರುತ್ತವೆ. ಇಲ್ಲಿ ಯಾವ ಊರಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟನೇ ತರಗತಿಯಲ್ಲಿದ್ದಾರೆ ಎಂಬುದು ಶಿಕ್ಷಣ ಇಲಾಖೆಗೆ ಗೊತ್ತು. ಅದೇ ಊರಿನ ದನ, ಎಮ್ಮೆ, ಕುರಿ, ಮೇಕೆ, ನಾಯಿಗಳ ಲೆಕ್ಕ ಪಶುಪಾಲನಾ ಇಲಾಖೆಯ ಬಳಿ ಇದೆ. ಈ ಎರಡು ಕಡತಗಳನ್ನು ಒಟ್ಟಿಗೆ ಬಿಚ್ಚಿ ನೋಡುವ ಅಭ್ಯಾಸ ನಮ್ಮಲ್ಲಿಲ್ಲ. ಆದರೆ ಮನೆಯಲ್ಲಿ ಈ ಮಕ್ಕಳೂ ಈ ಪ್ರಾಣಿಗಳೂ ಒಂದೇ ಸೂರಿನ ಕೆಳಗೆ ಬೆಳೆಯುತ್ತಾರೆ. ನಡುಮನೆಯ ಬಾಗಿಲ ಆಚೆ ಕೊಟ್ಟಿಗೆ, ಅಂಗಳದ ಮೂಲೆಯಲ್ಲಿ ಕುರಿರೊಪ್ಪ, ಜಗಲಿಯ ಕೆಳಗೆ ನಾಯಿ, ಒಲೆಯ ಬಳಿ ಬೆಕ್ಕು ಇರುವ ಮನೆಗಳು ಈ ಸೀಮೆಯಲ್ಲಿ ಇನ್ನೂ ಸಾವಿರಗಟ್ಟಲೆ ಇವೆ. ಪೇಟೆಯ ಮನೆಗಳಲ್ಲಿ ಕೊಟ್ಟಿಗೆ ಹೋಗಿ, ಅದರ ಜಾಗಕ್ಕೆ ದುಡ್ಡು ಕೊಟ್ಟು ತಂದ ನಾಯಿಮರಿ ಬಂದಿದೆ. ಹೀಗಿರುವಾಗ ಮಕ್ಕಳಿರುವ ಮನೆಯಲ್ಲಿ ಪ್ರಾಣಿ ಸಾಕಬೇಕೇ ಬೇಡವೇ ಎಂಬ ಪ್ರಶ್ನೆ ಇಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ. ಪ್ರಾಣಿ ಆಗಲೇ ಇದೆ. ಅದರ ಹೊಣೆ ಯಾರದೆಂದು ಮನೆಯಲ್ಲಿ ತೀರ್ಮಾನವಾಗಿದೆಯೇ ಎಂದು ಕೇಳಬೇಕಾಗಿದೆ. ಮಗುವಿಗೆ ಪ್ರಾಣಿಯಿಂದ ಸಿಗುವ ಒಳಿತೂ ತಗಲುವ ಅಪಾಯವೂ ಬಹುಪಾಲು ಈ ಒಂದು ತೀರ್ಮಾನದ ಮೇಲೆ ನಿಂತಿವೆ ಎಂಬುದು ಈ ಬರಹದ ವಾದ.

ನಾಯಿ ಸಾಕಿದರೆ ಮಗುವಿಗೆ ದಯೆ ಬರುತ್ತದೆ, ಶಿಸ್ತು ಬರುತ್ತದೆ, ಒಂಟಿತನ ಹೋಗುತ್ತದೆ ಎಂಬ ಮಾತನ್ನು ಪತ್ರಿಕೆಗಳಲ್ಲೂ ಟಿವಿಯಲ್ಲೂ ಬಹಳ ಕೇಳುತ್ತೇವೆ. ಇದರಲ್ಲಿ ಎಷ್ಟು ನಿಜವಿದೆ ಎಂದು ತೂಗಿ ನೋಡಿದವರೂ ಇದ್ದಾರೆ. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಕ್ಯಾಲಿಫೋರ್ನಿಯಾದ ಐದು ಸಾವಿರಕ್ಕೂ ಹೆಚ್ಚು ಕುಟುಂಬಗಳ ಮಾಹಿತಿ ಹಿಡಿದು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿ ಅಥವಾ ಬೆಕ್ಕು ಇದ್ದ ಮನೆಯ ಮಕ್ಕಳು ಮೇಲ್ನೋಟಕ್ಕೆ ಹೆಚ್ಚು ಆರೋಗ್ಯವಾಗಿ, ಹೆಚ್ಚು ಚಟುವಟಿಕೆಯಿಂದ ಇರುವಂತೆ ಕಂಡರು. ಆದರೆ ಆ ಮನೆಗಳ ಆದಾಯ, ಸ್ವಂತ ಮನೆ, ತಂದೆತಾಯಿಯ ಸ್ಥಿತಿಗತಿ ಇವನ್ನೆಲ್ಲ ಲೆಕ್ಕಕ್ಕೆ ತಂದುಕೊಂಡು ಮತ್ತೆ ಹೋಲಿಸಿದಾಗ ವ್ಯತ್ಯಾಸ ಉಳಿಯಲಿಲ್ಲ. ಅನುಕೂಲವಿದ್ದ ಮನೆಯವರು ನಾಯಿ ಸಾಕಿದ್ದರು, ಅದೇ ಅನುಕೂಲದಿಂದ ಅವರ ಮಕ್ಕಳೂ ಚೆನ್ನಾಗಿದ್ದರು ಎಂದಷ್ಟೇ ಇದರಿಂದ ತಿಳಿಯುತ್ತದೆ. ಈ ಫಲಿತಾಂಶವನ್ನು ಪ್ರಾಣಿಪ್ರಿಯರು ಬದಿಗೆ ಸರಿಸಬಾರದು. ಪ್ರಾಣಿಯನ್ನು ಮನೆಗೆ ತಂದುಬಿಟ್ಟರೆ ಮಗು ತಾನಾಗಿ ಒಳ್ಳೆಯದಾಗುತ್ತದೆ ಎಂಬ ನಂಬಿಕೆಗೆ ಆಧಾರ ಸಾಲದು.

ಹಾಗಾದರೆ ಮಗುವಿಗೆ ಸಿಗುವುದೇನೂ ಇಲ್ಲವೇ? ಇದೆ, ಆದರೆ ಅದು ಪ್ರಾಣಿಯ ಇರುವಿಕೆಯಿಂದ ಬರುವುದಲ್ಲ, ಆರೈಕೆಯಿಂದ ಬರುವುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಬೆಳವಣಿಗೆಯನ್ನು ಅಭ್ಯಾಸ ಮಾಡಿದ ಗೇಲ್ ಮೆಲ್ಸನ್ ಒಂದು ಕುತೂಹಲದ ಸಂಗತಿಯನ್ನು ಗುರುತಿಸಿದರು. ಐದಾರು ವರ್ಷ ದಾಟುತ್ತಿದ್ದಂತೆ ಗಂಡುಮಕ್ಕಳಿಗೆ ಹಸುಗೂಸನ್ನು ಎತ್ತಿ ಆಡಿಸುವ, ನೋಡಿಕೊಳ್ಳುವ ಆಸಕ್ತಿ ಕಡಿಮೆಯಾಗುತ್ತದೆ, ಅದು ಹೆಣ್ಣುಮಕ್ಕಳ ಕೆಲಸವೆಂದು ಅಷ್ಟರಲ್ಲಿ ಕಲಿತಿರುತ್ತಾರೆ. ಸಾಕುಪ್ರಾಣಿಯ ಆರೈಕೆಯಲ್ಲಿ ಮಾತ್ರ ಈ ಅಂತರ ಕಾಣುವುದಿಲ್ಲ. ನಾಯಿಗೆ ಅನ್ನ ಹಾಕಿದರೆ, ಗಾಯ ತೊಳೆದರೆ ಹುಡುಗನನ್ನು ಯಾರೂ ಆಡಿಕೊಳ್ಳುವುದಿಲ್ಲ. ಶಿರಾ, ಪಾವಗಡದ ಕಡೆಯ ಕುರಿಗಾರರ ಹಟ್ಟಿಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಅವಳಿ ಮರಿಗಳಲ್ಲಿ ಬಡಕಲಾದದ್ದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುವುದು, ತಾಯಿ ಒಲ್ಲದ ಮರಿಯನ್ನು ಬೇರೆ ಕುರಿಯ ಕೆಚ್ಚಲಿಗೆ ಹಿಡಿಯುವುದು, ಚಳಿಗೆ ಕಂಬಳಿಯೊಳಗೆ ಇಟ್ಟುಕೊಳ್ಳುವುದು ಇವೆಲ್ಲ ಗಂಡು ಹುಡುಗರೂ ಮಾಡುವ ಕೆಲಸಗಳು. ತನಗಿಂತ ಬಲಹೀನವಾದ, ಬಾಯಿ ಬಿಟ್ಟು ಹೇಳಲಾರದ ಜೀವದ ಹಸಿವು ನೋವುಗಳನ್ನು ನೋಡಿ ತಿಳಿದುಕೊಳ್ಳುವ ಅಭ್ಯಾಸವನ್ನು ಗಂಡುಮಕ್ಕಳಿಗೆ ಕೊಡುವ ಬೇರೆ ಪಾಠ ನಮ್ಮ ಮನೆಗಳಲ್ಲಿ ಬಹಳ ಕಡಿಮೆ. ಹಾಗೆ ಕಲಿಯಲು ಪಕ್ಕದಲ್ಲಿ ಆ ಕೆಲಸ ಬಲ್ಲ ಅಜ್ಜನೋ ಅವ್ವನೋ ಇರಬೇಕು. ಅವರಿಲ್ಲದೆ ಹುಡುಗನ ಕೈಗೆ ಮರಿಯನ್ನಷ್ಟೇ ಕೊಟ್ಟರೆ ಅದು ಅವನಿಗೆ ಆಟದ ಸಾಮಾನು.

ಆರೈಕೆಗೆ ಹೊಣೆಗಾರರು ಬೇಕೆಂಬುದನ್ನು ಈ ಸೀಮೆಯ ಸಂಸ್ಕೃತಿಯೂ ಬಹಳ ಹಿಂದೆಯೇ ಅರಿತಿದೆ. ಕಾಡುಗೊಲ್ಲ ಸಮುದಾಯದ ಸಾಂಸ್ಕೃತಿಕ ವೀರ ಜುಂಜಪ್ಪನ ನೆಲೆ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಸುತ್ತಿನದು. ಗಣೆ ಎಂಬ ಕೊಳಲು ಊದುತ್ತ ಹಾಡುವ ಅವನ ಕಾವ್ಯದಲ್ಲಿ ಬಡಮೈಲ ಎಂಬ ಗೂಳಿ ಜುಂಜಪ್ಪನಷ್ಟೇ ಮುಖ್ಯ ಪಾತ್ರ. ಮ್ಯಾಸಬೇಡ ಸಮುದಾಯದಲ್ಲೂ ಕಾಡುಗೊಲ್ಲರಲ್ಲೂ ದೇವರ ಎತ್ತುಗಳನ್ನು ಕಾಯಲೆಂದೇ ಕಿಲಾರಿಗಳಿರುತ್ತಾರೆ. ಆ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಅವು ದೇವರವು ಎಂದು ಹೇಳಿ ಬಿಟ್ಟುಬಿಡಲಿಲ್ಲ, ಯಾರು ಕಾಯಬೇಕೆಂಬುದನ್ನೂ ಗೊತ್ತು ಮಾಡಿದರು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಎಮ್ಮೆ, ಹಸು, ಕುರಿಗಳಿಗೂ ಮನೆಯಲ್ಲಿ ಒಬ್ಬ ಜವಾಬ್ದಾರರು ಇದ್ದೇ ಇರುತ್ತಾರೆ, ಏಕೆಂದರೆ ಅವು ಸತ್ತರೆ ಹಣ ಹೋಗುತ್ತದೆ. ಆ ಭಾಗ್ಯ ಇಲ್ಲದ ಪ್ರಾಣಿಯೆಂದರೆ ನಾಯಿ. ಮಗುವಿಗೆ ಎಲ್ಲಕ್ಕಿಂತ ಹತ್ತಿರದ ಪ್ರಾಣಿಯೂ ಅದೇ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಯ ಲಸಿಕೆ, ಜಂತುಹುಳುವಿನ ಔಷಧಿ, ಸಂತಾನಹರಣ ಚಿಕಿತ್ಸೆ ಮಾಲೀಕರ ಹೊಣೆ. ಬೀದಿನಾಯಿಯದು ಸ್ಥಳೀಯ ಸಂಸ್ಥೆಯ ಹೊಣೆ. ಕಾನೂನಿಗೆ ಗೊತ್ತಿರುವುದು ಈ ಎರಡೇ ಬಗೆ. ನಮ್ಮ ಹಳ್ಳಿಗಳಲ್ಲಿ ಬಹುಪಾಲು ನಾಯಿಗಳು ಇವೆರಡರ ನಡುವಿನವು. ಬೆಳಿಗ್ಗೆ ಒಂದು ಮನೆಯ ಉಳಿದ ಮುದ್ದೆ ತಿಂದು, ಮಧ್ಯಾಹ್ನ ಶಾಲೆಯ ಬಿಸಿಯೂಟದ ಹೊತ್ತಿಗೆ ಅಲ್ಲಿಗೆ ಹೋಗಿ, ಸಂಜೆ ಮಾಂಸದಂಗಡಿಯ ಹಿಂದೆ ನಿಂತು, ರಾತ್ರಿ ಮತ್ತೆ ಅದೇ ಮನೆಯ ಜಗಲಿಗೆ ಬಂದು ಮಲಗುವ ನಾಯಿ ಯಾರದು? ಕಳ್ಳ ಬಂದಾಗ ಬೊಗಳಿದರೆ ನಮ್ಮದು, ಪಕ್ಕದ ಮನೆಯ ಮಗುವನ್ನು ಕಚ್ಚಿದರೆ ಬೀದಿಯದು. ಆ ಮನೆಯ ಮಗು ಅದಕ್ಕೊಂದು ಹೆಸರಿಟ್ಟು, ಕೊರಳಿಗೆ ದಾರ ಕಟ್ಟಿ, ತಬ್ಬಿಕೊಂಡು ಓಡಾಡುತ್ತಿರುತ್ತದೆ. ಮಗುವಿನ ಪಾಲಿಗೆ ಅದು ಪೂರ್ತಿ ಸಾಕುನಾಯಿ, ದೊಡ್ಡವರ ಪಾಲಿಗೆ ಅರ್ಧ ಮಾತ್ರ. ಅಪಾಯ ಹುಟ್ಟುವುದು ಈ ಅರ್ಧದಲ್ಲಿ.

ರೇಬಿಸ್ ಅಥವಾ ಹುಚ್ಚುನಾಯಿ ರೋಗದ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಶಂಕಿತ ಪ್ರಾಣಿಗಳಿಂದ ಕಡಿತಕ್ಕೆ ಒಳಗಾಗುವವರಲ್ಲಿ ನೂರಕ್ಕೆ ನಲವತ್ತು ಮಂದಿ 15 ವರ್ಷದೊಳಗಿನ ಮಕ್ಕಳು. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಇತ್ತೀಚಿನ ಸಮೀಕ್ಷೆಯ ಅಂದಾಜಿನಂತೆ ವರ್ಷಕ್ಕೆ 91 ಲಕ್ಷ ಪ್ರಾಣಿ ಕಡಿತಗಳಾಗುತ್ತವೆ, ರೇಬಿಸ್ ಸಾವುಗಳು 5,700ರಷ್ಟು. ಹಿಂದಿನ ಅಂದಾಜುಗಳಿಗಿಂತ ಇದು ಕಡಿಮೆ, ಲಸಿಕೆ ಹಳ್ಳಿಯ ಆಸ್ಪತ್ರೆಗಳಿಗೂ ತಲುಪಿದ್ದರ ಫಲ ಇದರಲ್ಲಿದೆ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸ್ ಪ್ರಕರಣವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ವಾರ, ಕೆಲವೊಮ್ಮೆ ವರ್ಷ. ಮುಖ ತಲೆಗಳಿಗೆ ಕಚ್ಚಿದರೆ ಬೇಗ, ಮತ್ತು ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಸಿಗುವುದೇ ಮುಖ ತಲೆಗಳಿಗೆ. ಕಚ್ಚಿದ ತಕ್ಷಣ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ಒತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮದ ಪದರಕ್ಕೆ ಕೊಡುವ ಚುಚ್ಚುಮದ್ದು ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ರಕ್ತ ಬಂದ ಗಾಯವಾದರೆ ಅದರ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕು.

ಇದಿಷ್ಟು ವೈದ್ಯರು ಹೇಳುವುದು. ಮನೆಯವರು ಸರಿಪಡಿಸಬೇಕಾದದ್ದು ಇನ್ನೊಂದಿದೆ. ಮಗು ಕಡಿತವನ್ನು ಮುಚ್ಚಿಡುತ್ತದೆ. ನಾಯಿಯ ಸಹವಾಸ ಬೇಡವೆಂದು ಹತ್ತು ಸಲ ಬೈದಿರುವ ಮನೆಯಲ್ಲಿ, ಹಲ್ಲು ತಾಗಿದ ಗೀರನ್ನು ಮುಳ್ಳು ತರಚಿದ್ದು ಎಂದು ಮಗು ಹೇಳುವುದು ಸಹಜ. ನಾಯಿಯನ್ನು ಹೊಡೆದು ಓಡಿಸುತ್ತಾರೆಂಬ ಹೆದರಿಕೆಯೂ ಸೇರಿದರೆ ಬಾಯಿ ಬಿಡುವುದೇ ಇಲ್ಲ. ಹಳೆಯ ತಲೆಮಾರಿನವರು ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹೆದರಿಸುವುದೂ ಇದಕ್ಕೆ ನೀರೆರೆಯುತ್ತದೆ. ಆ ಹಳೆಯ ಲಸಿಕೆ 2004ರ ಕೊನೆಗೇ ದೇಶದಲ್ಲಿ ನಿಂತುಹೋಗಿದೆ. ಈಗಿನದು ತೋಳಿಗೆ ಕೊಡುವ ಸಣ್ಣ ಸೂಜಿ. ಕಚ್ಚಿದರೂ ಪರಚಿದರೂ ಗಾಯವಿರುವ ಕಡೆ ನೆಕ್ಕಿದರೂ ಬಂದು ಹೇಳು, ಯಾರೂ ಬೈಯುವುದಿಲ್ಲ, ನಾಯಿಯನ್ನೂ ಹೊಡೆಯುವುದಿಲ್ಲ ಎಂಬ ಮಾತನ್ನು ಮಗುವಿಗೆ ಕೊಡಬೇಕು, ಕೊಟ್ಟ ಮಾತು ನಡೆಸಬೇಕು. ಜಗಲಿಯ ನಾಯಿಗೆ ಮೂರು ತಿಂಗಳ ಮರಿಯಿದ್ದಾಗ ಒಂದು, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ಬಲವರ್ಧಕ, ಅಲ್ಲಿಂದ ವರ್ಷಕ್ಕೊಂದು ಲಸಿಕೆ ಹಾಕಿಸಿದರೆ ಆ ಭಯದ ಬೇರನ್ನೇ ಕತ್ತರಿಸಿದಂತೆ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ಪರೀಕ್ಷಿಸಿ ಒಪ್ಪಿದ ಸಂಗತಿ. ಪಕ್ಕದ ಗೋವಾ ನಾಯಿಗಳ ಸಾಮೂಹಿಕ ಲಸಿಕೆಯನ್ನೂ ಶಾಲಾಮಕ್ಕಳಿಗೆ ಪಾಠವನ್ನೂ ಜೊತೆಜೊತೆಗೆ ನಡೆಸಿ, 2021ರ ಹೊತ್ತಿಗೆ ರೇಬಿಸ್ ನಿಯಂತ್ರಿತ ರಾಜ್ಯವೆನಿಸಿಕೊಂಡಿತು.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ಇಷ್ಟೆಲ್ಲ ಅಪಾಯವಿದ್ದರೆ ನಾಯಿಯನ್ನೇ ದೂರವಿಟ್ಟರಾಯಿತಲ್ಲ? 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗಗಳಿಂದ ಬೀದಿನಾಯಿಗಳನ್ನು ತೆರವು ಮಾಡಲು ಆದೇಶಿಸಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. ಶಾಲೆಯ ಅಂಗಳದಲ್ಲಿ ಲಸಿಕೆ ಇಲ್ಲದ ನಾಯಿಗಳ ಗುಂಪು ಇರಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಯ ಗೇಟು ದಾಟಿದರೆ ಮಗು ನಡೆಯುವುದು ಅದೇ ಊರಿನ ದಾರಿಯಲ್ಲಿ. ಅಲ್ಲದೆ ಮಕ್ಕಳಿಗಾಗುವ ಕಡಿತಗಳಲ್ಲಿ ಎಷ್ಟೋ ಪರಿಚಯದ ನಾಯಿಗಳಿಂದಲೇ, ಉಣ್ಣುವಾಗ ತಟ್ಟೆಗೆ ಕೈ ಹಾಕಿದಾಗ, ಮಲಗಿದ್ದಾಗ ಮೈಮೇಲೆ ಬಿದ್ದಾಗ, ಮರಿ ಹಾಕಿದ ತಾಯಿಯ ಹತ್ತಿರ ಹೋದಾಗ ಆಗುವಂಥವು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಕರ್ಸ್ಟಿನ್ ಮೈಂಟ್ಸ್ ಮತ್ತು ಸಂಗಡಿಗರು ಮಕ್ಕಳಿಗೆ ನಾಯಿಯ ಮುಖಭಾವಗಳನ್ನು ತೋರಿಸಿ ಪರೀಕ್ಷಿಸಿದಾಗ, ಹಲ್ಲು ಕಿಸಿದು ಗುರುಗುಡುವ ನಾಯಿಯನ್ನು ಚಿಕ್ಕ ಮಕ್ಕಳಲ್ಲಿ ಅನೇಕರು ನಗುತ್ತಿದೆ ಎಂದು ಹೇಳಿದರು. ಹೇಳಿಕೊಡದೆ ಮಗುವಿಗೆ ಇದು ತಿಳಿಯುವುದಿಲ್ಲ. ಕಿವಿ ಹಿಂದಕ್ಕೆ ಮಡಿಚಿದರೆ, ಮೈ ಬಿಗಿ ಹಿಡಿದು ನಿಂತರೆ, ಮುಖ ತಿರುಗಿಸಿ ಓರೆಗಣ್ಣಿನಲ್ಲಿ ನೋಡಿದರೆ ನಾಯಿ ಬೇಡವೆನ್ನುತ್ತಿದೆ ಎಂದು ಅರ್ಥ. ಶಾಲೆಗೆ ಸೇರುವ ವಯಸ್ಸಿನವರೆಗೂ, ಎಷ್ಟೇ ಸಾಧುವಾದ ನಾಯಿಯಾಗಲಿ, ಮಗುವನ್ನು ಅದರ ಜೊತೆ ಒಂಟಿಯಾಗಿ ಬಿಡಬಾರದು. ಅಪರಿಚಿತ ನಾಯಿ ಎದುರಾದರೆ ಓಡದೆ, ಕಿರುಚದೆ, ಕೈ ಕಟ್ಟಿ ಮರದಂತೆ ನಿಲ್ಲುವುದನ್ನು ಆಟದ ಹಾಗೆ ಅಭ್ಯಾಸ ಮಾಡಿಸಬಹುದು.

ರೇಬಿಸ್ಸಿನಷ್ಟು ಸುದ್ದಿಯಾಗದ, ಆದರೆ ಕುರಿ ಸಾಕುವ ಸೀಮೆಗೆ ತೀರ ಹತ್ತಿರದ ಇನ್ನೊಂದು ರೋಗವಿದೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿದ್ದವು, ದೇಶದಲ್ಲಿ ಮೂರನೆಯ ಸ್ಥಾನ. ಕುರಿ ಹೆಚ್ಚಿರುವ ಜಿಲ್ಲೆಗಳಲ್ಲಿ ತುಮಕೂರೂ ಒಂದು. ಕುರಿ ಕೊಯ್ದಾಗ ಅದರ ಈಲಿಯಲ್ಲೋ ಶ್ವಾಸಕೋಶದಲ್ಲೋ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ತಿನ್ನಲು ಬಾರದೆಂದು ಅದನ್ನು ಕತ್ತರಿಸಿ ಪಕ್ಕದಲ್ಲಿ ಕಾದು ಕುಳಿತ ನಾಯಿಗೆ ಎಸೆಯುತ್ತಾರೆ. ಜಾತ್ರೆ, ಹರಕೆ, ಮರಿ ಕಡಿಯುವ ಹಬ್ಬಗಳಲ್ಲಿ ಇದು ಹೆಚ್ಚು. ಆ ಗುಳ್ಳೆಯೊಳಗೆ ಇರುವುದು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳು. ನಾಯಿಯ ಕರುಳಿನಲ್ಲಿ ಅವು ಬೆಳೆದು ಕೆಲವೇ ಮಿಲಿಮೀಟರ್ ಉದ್ದದ ಹುಳುಗಳಾಗುತ್ತವೆ, ಅವುಗಳ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು ಮಣ್ಣಿಗೆ, ಹುಲ್ಲಿಗೆ, ನಾಯಿಯದೇ ಕೂದಲಿಗೆ ಅಂಟುತ್ತದೆ. ಆ ಹುಲ್ಲು ಮೇದ ಕುರಿಗೆ ಮತ್ತೆ ಗುಳ್ಳೆ. ಆ ನಾಯಿಯನ್ನು ತಬ್ಬಿಕೊಂಡು ಕೈ ತೊಳೆಯದೆ ರೊಟ್ಟಿ ತಿಂದ ಮಗುವಿಗೂ ಅದೇ ಗುಳ್ಳೆ, ಅದರ ಈಲಿಯಲ್ಲಿ ಅಥವಾ ಶ್ವಾಸಕೋಶದಲ್ಲಿ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ದೊಡ್ಡವರಾದ ಮೇಲೆ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗಿ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಬಾಲ್ಯದ ನಾಯಿಗೂ ನಡುವಯಸ್ಸಿನ ಆಪರೇಷನ್ನಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ತಡೆಯುವುದು ಮಾತ್ರ ಬಹಳ ಸುಲಭ. ಗುಳ್ಳೆಯಿರುವ ಅಂಗಾಂಗವನ್ನು ನಾಯಿ ಕೆದರದಷ್ಟು ಆಳದಲ್ಲಿ ಹೂಳಬೇಕು ಅಥವಾ ಸುಡಬೇಕು. ಉಳಿದದ್ದನ್ನು ಚೆನ್ನಾಗಿ ಬೇಯಿಸದೆ ಹಾಕಬಾರದು. ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತುಹುಳುವಿನ ಮಾತ್ರೆಯನ್ನು ಪಶುವೈದ್ಯರು ಹೇಳಿದ ಅಂತರದಲ್ಲಿ ಕೊಡಿಸಬೇಕು. ಕುರಿಗೆ ತಪ್ಪದೆ ಔಷಧಿ ಕುಡಿಸುವ ಮನೆಯಲ್ಲಿ, ಅದೇ ಕುರಿ ಕಾಯುವ ನಾಯಿಗೆ ಒಂದು ಮಾತ್ರೆ ಇಲ್ಲ ಎಂಬುದನ್ನು ನೆನೆದರೆ ನೋವಾಗುತ್ತದೆ. ಕುರಿ ಈಯುವಾಗ ಬೀಳುವ ಕಸವನ್ನು ಮಕ್ಕಳ ಕೈಯಲ್ಲಿ ಎತ್ತಿಸಬಾರದು, ಹಾಲು ಕಾಯಿಸದೆ ಕುಡಿಸಬಾರದು. ಬ್ರುಸೆಲ್ಲಾ ಜ್ವರ ಬರುವ ದಾರಿಗಳಿವು.

ಪೇಟೆಯ ತಂದೆತಾಯಿಯ ಆತಂಕ ಬೇರೆ. ನಾಯಿ ಬೆಕ್ಕಿನ ಕೂದಲಿನಿಂದ ಮಗುವಿಗೆ ಅಸ್ತಮಾ ಬರುತ್ತದೆಂದು ಕೂಸು ಹುಟ್ಟುತ್ತಲೇ ನಾಯಿಯನ್ನು ಎಲ್ಲೋ ಬಿಟ್ಟುಬರುವವರಿದ್ದಾರೆ. ಸ್ವೀಡನ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವರ್ಷ ನಾಯಿಯ ಜೊತೆ ಕಳೆದ ಮಕ್ಕಳಿಗೆ ಶಾಲೆಯ ವಯಸ್ಸಿನಲ್ಲಿ ಅಸ್ತಮಾ ಬರುವ ಸಂಭವ ಶೇ 13ರಷ್ಟು ಕಡಿಮೆಯಿತ್ತು. ದನಕರುಗಳಿರುವ ಮನೆಯ ಮಕ್ಕಳಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಅಮೆರಿಕದ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳ ಹೋಲಿಕೆಯೂ ಹೀಗೇ ಹೇಳುತ್ತದೆ. ರಕ್ತಸಂಬಂಧದಲ್ಲೂ ಜೀವನಕ್ರಮದಲ್ಲೂ ಹತ್ತಿರವಿರುವ ಇವರಲ್ಲಿ, ಕೊಟ್ಟಿಗೆ ಮನೆಗೆ ಅಂಟಿಕೊಂಡಂತಿರುವ ಆಮಿಷರ ಮಕ್ಕಳಿಗೆ ಅಸ್ತಮಾ ತೀರ ಕಡಿಮೆ. ದೊಡ್ಡ ಯಂತ್ರಗಳ ಬೇಸಾಯ ಮಾಡುವ, ದನಗಳು ಮನೆಯಿಂದ ದೂರವಿರುವ ಹಟರೈಟರ ಮಕ್ಕಳಲ್ಲಿ ಅದರ ನಾಲ್ಕು ಪಟ್ಟು. ಕೊಟ್ಟಿಗೆಯ ದೂಳಿನ ಸೂಕ್ಷ್ಮಜೀವಿಗಳು ಎಳೆಯ ಮೈಯ ರೋಗನಿರೋಧಕ ವ್ಯವಸ್ಥೆಯನ್ನು ಪಳಗಿಸುತ್ತವೆ ಎಂಬುದು 2016ರ ಆ ಅಧ್ಯಯನದ ವಿವರಣೆ. ಇದನ್ನು ಓದಿ ಅಸ್ತಮಾಕ್ಕೆ ಔಷಧಿಯೆಂದು ನಾಯಿ ಕೊಳ್ಳಬಾರದು. ಮಗುವಿಗೆ ಈಗಾಗಲೇ ಉಬ್ಬಸವಿದ್ದು ಪ್ರಾಣಿಯ ಹತ್ತಿರ ಹೋದಾಗ ಹೆಚ್ಚುತ್ತಿದ್ದರೆ ವೈದ್ಯರ ಮಾತೇ ಕೊನೆಯ ಮಾತು. ಬಸುರಿಯಿರುವ ಮನೆಯಲ್ಲಿ ಬೆಕ್ಕಿನ ಮಲವನ್ನು ಬೇರೆಯವರು ತೆಗೆಯಬೇಕು, ಬೆಕ್ಕನ್ನು ಓಡಿಸುವ ಅಗತ್ಯವಿಲ್ಲ. ಹೊಸ ಕೂಸು ಬಂದಿತೆಂದು ವರ್ಷಗಟ್ಟಲೆ ಸಾಕಿದ ನಾಯಿಯನ್ನು ಹೆದ್ದಾರಿಯ ಪಕ್ಕ ಇಳಿಸಿ ಹೋಗುವುದನ್ನು ಮನೆಯ ದೊಡ್ಡ ಮಗು ನೋಡುತ್ತಿರುತ್ತದೆ ಎಂಬುದನ್ನೂ ಮರೆಯಬಾರದು.

ಬರಗಾಲದ ಸೀಮೆಯಲ್ಲಿ ಸಾಕುಪ್ರಾಣಿಯ ಮಾತು ಉಳ್ಳವರ ಮಾತು ಎನ್ನುವವರಿಗೂ ಉತ್ತರ ಹೇಳಬೇಕು. ಮೇವು ನೀರಿಗೇ ಪರದಾಡುವ ಪಾವಗಡದಲ್ಲಿ ನಾಯಿಯ ಲಸಿಕೆಯ ಚಿಂತೆ ಯಾರಿಗಿದೆ? ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ತಿರುಮಣಿ, ವಳ್ಳೂರು ಸುತ್ತಿನ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಪಾರ್ಕ್ ಎದ್ದ ಮೇಲೆ ಭೂಮಿ ಇದ್ದವರಿಗೆ ಗುತ್ತಿಗೆ ಹಣ ಬಂತು, ಕುರಿ ಮೇಯುತ್ತಿದ್ದ ಬಯಲು ಬೇಲಿಯೊಳಗೆ ಸೇರಿತು. ಮಂದೆ ಕರಗಿದ ಮನೆಯ ಮಕ್ಕಳಿಗೆ ಪ್ರಾಣಿಯೊಡನೆ ಒಡನಾಟ ತಪ್ಪಿತು. ಆದರೆ ಇಲ್ಲಿ ಕೇಳುತ್ತಿರುವುದು ಹೊಸ ಪ್ರಾಣಿ ತನ್ನಿ ಎಂದಲ್ಲ. ಬಾಗಿಲಲ್ಲಿ ಇರುವುದನ್ನು ನಮ್ಮದೆಂದು ಒಪ್ಪಿಕೊಳ್ಳಿ ಎಂದಷ್ಟೇ. ಅದಕ್ಕೆ ಬೇಕಾದ್ದು ವರ್ಷಕ್ಕೊಂದು ಲಸಿಕೆ, ಕೆಲವು ಮಾತ್ರೆ, ಒಂದು ಬೋಗುಣಿ ನೀರು. ಕಡಿತವಾದರೆ ನಾಲ್ಕು ಸಲ ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವ ಖರ್ಚಿನ ಮುಂದೆ ಇದು ಏನೂ ಅಲ್ಲ, ಮತ್ತು ಆ ಅಲೆದಾಟದ ಹೊರೆ ಬಡವರ ಮೇಲೆಯೇ ಹೆಚ್ಚು. ದುಬಾರಿ ತಳಿಯ ನಾಯಿಯನ್ನು ಮಗುವಿನ ಹುಟ್ಟುಹಬ್ಬಕ್ಕೆಂದು ಕೊಂಡು, ಏಪ್ರಿಲ್ ಬಿಸಿಲಿಗೆ ದಟ್ಟ ಕೂದಲಿನ ಆ ಜೀವವನ್ನು ತಾರಸಿಯ ಮೇಲೆ ಕಟ್ಟಿಹಾಕುವ ಪೇಟೆಯ ಮನೆಗಿಂತ, ನಾಡುನಾಯಿಯೊಂದನ್ನು ಹೊಣೆಯಿಂದ ಸಾಕುವ ಕೂಲಿಕಾರರ ಮನೆ ಮಗುವಿಗೆ ಹೆಚ್ಚು ಕಲಿಸುತ್ತದೆ.

ಈ ಸೀಮೆಯ ಮಕ್ಕಳು ಎದುರಿಸುವ ಎಲ್ಲಕ್ಕಿಂತ ಕಷ್ಟದ ಸನ್ನಿವೇಶ ಪಾಶ್ಚಾತ್ಯ ಪುಸ್ತಕಗಳಲ್ಲಿ ಸಿಗುವುದು ವಿರಳ. ಮಗು ಬಾಟಲಿ ಹಿಡಿದು ಬೆಳೆಸಿದ ಮರಿ ಟಗರಾಗುತ್ತದೆ. ಟಗರು ಒಂದು ದಿನ ಸಂತೆಗೆ ಹೋಗುತ್ತದೆ, ಇಲ್ಲವೆ ಹರಕೆಗೆ. ಕೊಯ್ಯುವ ಪ್ರಾಣಿಯ ಮೇಲೆ ಮಗುವಿಗೆ ಪ್ರೀತಿ ಹುಟ್ಟಿಸುವುದು ಕ್ರೌರ್ಯವಲ್ಲವೇ ಎಂದು ಕೇಳುವವರಿದ್ದಾರೆ, ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಪ್ರೀತಿ ಹುಟ್ಟದಂತೆ ತಡೆಯುವುದು ಯಾರ ಕೈಯಲ್ಲೂ ಇಲ್ಲ. ನಮ್ಮ ಕೈಯಲ್ಲಿರುವುದು ಸುಳ್ಳು ಹೇಳದಿರುವುದು. ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಮಾರಿ, ಕಳೆದುಹೋಯಿತು ಎನ್ನುವುದು, ತಿಂದ ಮೇಲೆ ನೀನು ತಿಂದದ್ದು ಅದೇ ಎಂದು ನಗುವುದು, ಇವು ಮಗುವಿನ ನಂಬಿಕೆಯನ್ನು ಮುರಿಯುತ್ತವೆ. ಇದು ಮಾರುವ ಮರಿ, ಇದರ ದುಡ್ಡಿನಲ್ಲಿ ಮನೆ ನಡೆಯುತ್ತದೆ, ಇರುವಷ್ಟು ದಿನ ಇದಕ್ಕೆ ಹಸಿವು ನೋವು ಆಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ ಎಂದು ಮೊದಲೇ ಹೇಳಿದರೆ ಏಳೆಂಟು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಅಳು ಬಂದರೆ ಅಳಲು ಬಿಡಬೇಕು. ಮಾಂಸ ಒಲ್ಲೆನೆಂದರೆ ಒತ್ತಾಯ ಮಾಡಬಾರದು. ಕೆಲವು ಮನೆಗಳಲ್ಲಿ ಮಗು ಹಚ್ಚಿಕೊಂಡ ಒಂದು ಹೆಣ್ಣು ಮರಿಯನ್ನು ಮಂದೆಯಲ್ಲೇ ಉಳಿಸಿಕೊಳ್ಳುತ್ತಾರೆ. ಲೆಕ್ಕಾಚಾರಕ್ಕೂ ಅದು ನಷ್ಟವಲ್ಲ.

ಆರೈಕೆಗೂ ದುಡಿಮೆಗೂ ನಡುವೆ ಒಂದು ಗೆರೆ ಇದೆ, ಅದನ್ನು ದಾಟಬಾರದು. ಬೆಳಿಗ್ಗೆ ಅರ್ಧ ಗಂಟೆ ಮರಿಗೆ ಸೊಪ್ಪು ಹಾಕಿ ಶಾಲೆಗೆ ಹೋಗುವ ಹುಡುಗಿಗೂ, ಮಂದೆಯ ಹಿಂದೆ ಊರೂರು ಅಲೆದು ಶಾಲೆ ಬಿಟ್ಟ ಹುಡುಗನಿಗೂ ಹೋಲಿಕೆಯೇ ಇಲ್ಲ. ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಶಾಲೆಯ ಸಮಯದ ಆಚೆ ಮನೆಯ ಕೆಲಸಕ್ಕೆ ನೆರವಾಗುವುದನ್ನಷ್ಟೇ ಒಪ್ಪುತ್ತದೆ. ಹಿಂದಿನವರೆಲ್ಲ ಕುರಿ ಕಾದೇ ಬೆಳೆದರು ಎಂಬ ಹೆಮ್ಮೆಯ ಮಾತಿನ ಹಿಂದೆ, ಅಕ್ಷರ ತಪ್ಪಿಸಿಕೊಂಡವರ ದೊಡ್ಡ ಸಂಖ್ಯೆ ಇದೆ.

ಕಾಡಿನ ಜೀವಿಗಳ ವಿಚಾರವನ್ನೂ ಹೇಳದಿದ್ದರೆ ಮಾತು ಅಪೂರ್ಣ. ಮಗು ಕೇಳಿತೆಂದು ಗಿಳಿಮರಿಯನ್ನು ಪೊಟರೆಯಿಂದ ತೆಗೆದು ಪಂಜರಕ್ಕೆ ಹಾಕುವುದು, ಕುರುಚಲಿನಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ಅದೃಷ್ಟವೆಂದು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೂಡಿಹಾಕದೆಯೂ ಹಕ್ಕಿಯ ಜೊತೆ ಬೆಳೆಯಬಹುದೆಂಬುದಕ್ಕೆ ಶಿರಾ ಬಳಿಯ ಕಗ್ಗಲಡು ಸಾಕ್ಷಿ. ಊರೊಳಗಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಅವನ್ನು ಕಾಯುತ್ತಾರೆ, ಅಲ್ಲಿನ ಮಕ್ಕಳು ಅವುಗಳ ಕೆಳಗೇ ಆಡಿ ಬೆಳೆಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಇಂಥ ಬಯಲಿನಲ್ಲಿ ಜಿಂಕೆಯ ಎಳೆಮರಿಗೆ ಸುತ್ತಲ ಊರುಗಳ ಬಿಡುಬೀಸು ನಾಯಿಯೇ ಶತ್ರು. ಕೊರಟಗೆರೆ, ಮಧುಗಿರಿಯ ಬೆಟ್ಟದ ತಪ್ಪಲಿನ ಮನೆಗಳಲ್ಲಿ ರಾತ್ರಿ ನಾಯಿಯನ್ನು ಅಂಗಳದ ಕಂಬಕ್ಕೆ ಕಟ್ಟುವುದು ಚಿರತೆಗೆ ಕರೆ ಕಳಿಸಿದಂತೆ, ಮತ್ತು ಅದೇ ಅಂಗಳದಲ್ಲಿ ಸಂಜೆ ಮಕ್ಕಳು ಆಡುತ್ತಾರೆ. ಕೊಟ್ಟಿಗೆಯೊಳಗೆ ಕಟ್ಟಿ ಬಾಗಿಲು ಹಾಕಿದರೆ ನಾಯಿಗೂ ಮಗುವಿಗೂ ಕ್ಷೇಮ.

ಇವೆಲ್ಲಕ್ಕೂ ಮನೆಯೊಂದೇ ಸಾಲದು, ಶಾಲೆಯೂ ಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆ ನಾಯಿಗಳಿಗೆ ಉಚಿತ ಲಸಿಕೆ ಶಿಬಿರಗಳನ್ನು ನಡೆಸುತ್ತದೆ. ಕೆಲವು ವರ್ಷ ಆ ಹೊತ್ತಿಗೆ ಶಾಲೆಗಳಿಗೆ ದಸರಾ ರಜೆ ಶುರುವಾಗಿರುತ್ತದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ ಕಚೇರಿಯೂ ನಾಲ್ಕು ತಾಲ್ಲೂಕುಗಳ ಪಶು ಆಸ್ಪತ್ರೆಗಳೂ ಮಾತಾಡಿಕೊಂಡು ಇದನ್ನು ಜುಲೈಗೋ ಆಗಸ್ಟಿಗೋ ತಂದು, ಶಾಲೆಯ ಅಂಗಳದಲ್ಲಿ, ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ನಡೆಸಬಹುದು. ನಾಯಿಯನ್ನು ಹಗ್ಗ ಹಿಡಿದು ಕರೆತರುವವರು ದೊಡ್ಡವರೇ ಆಗಿರಬೇಕು, ಮಕ್ಕಳು ಜೊತೆಗೆ ಬರಲಿ. ಪಶುವೈದ್ಯರು ಕೊಡುವ ಲಸಿಕೆ ಚೀಟಿಯಲ್ಲಿ ಮಾಲೀಕರು ಎಂಬ ಖಾನೆಯೊಂದಿರುತ್ತದೆ. ಜಗಲಿಯ ನಾಯಿಗೆ ಆ ಖಾನೆಯಲ್ಲಿ ಮನೆಯ ಯಜಮಾನರೋ ಯಜಮಾನಿಯೋ ತಮ್ಮ ಹೆಸರು ಬರೆಸಿ ಸಹಿ ಮಾಡಲಿ, ಮುಂದಿನ ಲಸಿಕೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಮಗುವಿಗೆ ಕೊಡಲಿ.